ಉಪ್ಪಿನ ಮುಂದೆ ಎರಡು ಗೆರೆ

ಅದಿತಿ, ನಿಶಾಂತ್, ಆಲೂಗಡ್ಡೆ ತುಂಬಿ ಗುಲಾಬಿಯಂತೆ ಸುತ್ತಿ ನಾನು ಬೇಯಿಸಿಕೊಡುವ ತಿಂಡಿಗೆ ನೀವಿಬ್ಬರೂ ‘ಅಜ್ಜಿ ರೋಲ್’ ಎಂದು ಹೆಸರಿಟ್ಟಿದ್ದೀರಿ. ನಾನೂ ಸುಮ್ಮನಿದ್ದುಬಿಟ್ಟೆ. ನಿಜ ಹೇಳಬೇಕೆಂದರೆ ಅದು ನನ್ನದಲ್ಲ. ಅದರ ಹೆಸರು ಬೋರೆಕ್, ತುರ್ಕಿಯವರ ತಿಂಡಿ. ನಾನು ಕಲಿತದ್ದು ಒಮಾನಿನಲ್ಲಿ. ಕಲಿಸಿದವರ ಭಾಷೆ ನನಗೆ ಬರುತ್ತಿರಲಿಲ್ಲ, ನನ್ನದು ಅವರಿಗೆ ಬರುತ್ತಿರಲಿಲ್ಲ. ಹೋದ ಸಲ ಅದಿತಿ ಆಲೂಗಡ್ಡೆ ಮಸೆಯುತ್ತ, ಉಪ್ಪು ಎಷ್ಟು ಹಾಕಲಿ ಅಜ್ಜಿ ಎಂದು ಕೇಳಿದಾಗ ನಾನು ಉತ್ತರ ಕೊಡದೆ ಒಣಗಿದ ಬಟ್ಟೆ ತರುವ ನೆಪದಲ್ಲಿ ಮಹಡಿಗೆ ಹೋದೆ. ನೀವು ನಕ್ಕಿರಿ. ಎದುರಿಗೆ ನಿಂತು ಹೇಳುವುದು ನನಗೆ ಯಾವ ಕಾಲಕ್ಕೂ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬರೆದು ಮುಗಿಸುವಷ್ಟರಲ್ಲಿ ನನಗೂ ಏನಾದರೂ ಸ್ಪಷ್ಟವಾದೀತೆಂಬ ಆಸೆ ಇದೆ. ನಂಬಿಕೆ ಇಲ್ಲ.

ನಾನು ಊರಿನ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿದ ಮೇಲೆ ಅಪ್ಪ ನನ್ನನ್ನೂ ಅಮ್ಮನನ್ನೂ ಮಸ್ಕತ್ತಿಗೆ ಕರೆಸಿಕೊಂಡರು. ಅವರು ಕಟ್ಟಡ ಕಟ್ಟುವ ಒಂದು ಕಂಪನಿಯಲ್ಲಿ ನಕ್ಷೆ ಬರೆಯುತ್ತಿದ್ದರು. ಮಸ್ಕತ್ತಿನ ದಾರ್ಸೈಟ್ ಬಡಾವಣೆಯಲ್ಲಿ ಕಂಪನಿಯೇ ಬಾಡಿಗೆಗೆ ಹಿಡಿದ ಮೂರಂತಸ್ತಿನ ಕಟ್ಟಡ, ಅದರ ಎರಡನೇ ಅಂತಸ್ತಿನಲ್ಲಿ ನಮ್ಮ ಮನೆ. ಎರಡು ಕೋಣೆ, ಒಂದು ಉದ್ದನೆಯ ಅಡಿಗೆಮನೆ. ಅಡಿಗೆಮನೆಯ ಕಿಟಕಿ ತೆರೆದರೆ ಕೈಗೆ ಸಿಗುವಷ್ಟು ಹತ್ತಿರದಲ್ಲಿ ಒಂದು ಹುಲ್ಲುಕಡ್ಡಿಯೂ ಇಲ್ಲದ ಕಂದು ಬಂಡೆಯ ಗುಡ್ಡ. ಅಲ್ಲಿ ನನಗೆ ಯಾವುದೂ ಸರಿಯಾದ ಕಡೆ ಇದ್ದಂತೆ ತೋರುತ್ತಿರಲಿಲ್ಲ. ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ತಾರಸಿಯ ತೊಟ್ಟಿಯಲ್ಲಿ ಕಾದ ನೀರು ಸುರಿದು ಕೈ ಸುಡುತ್ತಿತ್ತು. ಗೀಸರ್ ಆರಿಸಿಟ್ಟು ಬಿಸಿನೀರಿನ ನಲ್ಲಿ ತಿರುಗಿಸಿದರೆ ತಣ್ಣೀರು ಬರುತ್ತಿತ್ತು. ಶುಕ್ರವಾರ ರಜೆ, ಭಾನುವಾರ ಅಪ್ಪನಿಗೆ ಆಫೀಸು. ಇಂಡಿಯನ್ ಶಾಲೆಗೆ ಸೇರಿಸಲು ಕರೆದುಕೊಂಡು ಹೋದಾಗ ಇಂಗ್ಲಿಷಿನಲ್ಲಿ ಹಸುವಿನ ಬಗ್ಗೆ ಐದು ವಾಕ್ಯ ಬರೆ ಎಂದರು. ಹಸು ನನಗೆ ಚೆನ್ನಾಗಿ ಗೊತ್ತಿತ್ತು, ಹಾಲು ಕರೆಯಲೂ ಬರುತ್ತಿತ್ತು. ಇಂಗ್ಲಿಷ್ ಗೊತ್ತಿರಲಿಲ್ಲ. ಒಂದು ವರ್ಷ ಮನೆಯಲ್ಲೇ ಓದಿಸಿ ಕರೆತನ್ನಿ ಎಂದು ಮೃದುವಾಗಿಯೇ ಹೇಳಿ ಕಳಿಸಿದರು. ಹಾಗೆ ಆ ವರ್ಷ ನಾನು ಶಾಲೆಯವಳೂ ಅಲ್ಲ, ಮನೆಯ ಕೆಲಸಕ್ಕೆ ಪೂರ್ತಿ ಒದಗಿದವಳೂ ಅಲ್ಲ ಎಂಬಂತೆ ಆ ಎರಡು ಕೋಣೆಗಳ ನಡುವೆ ಓಡಾಡಿಕೊಂಡಿದ್ದೆ.

ಅಮ್ಮ ಮಾತ್ರ ಊರಿನಿಂದ ಒಂದಿಂಚೂ ಕದಲಿರಲಿಲ್ಲ. ಗೋಡೆಯ ಕಪಾಟೊಂದನ್ನು ಖಾಲಿ ಮಾಡಿ ದೇವರನ್ನು ಕೂರಿಸಿದ್ದಳು. ಸ್ನಾನ ಆಗದೆ ಒಲೆ ಹಚ್ಚುತ್ತಿರಲಿಲ್ಲ, ನೈವೇದ್ಯ ಆಗದೆ ಯಾರೂ ತಟ್ಟೆಯ ಮುಂದೆ ಕೂರುವಂತಿರಲಿಲ್ಲ. ಎಲ್ಲಕ್ಕಿಂತ ಕಟ್ಟುನಿಟ್ಟಾದದ್ದು, ಅಡಿಗೆ ಮಾಡುವಾಗ ರುಚಿ ನೋಡಬಾರದು. ನೋಡಿದರೆ ಅದು ಎಂಜಲು, ದೇವರಿಗೆ ಇಡುವ ಹಾಗಿಲ್ಲ. ಹಾಗಾದರೆ ಉಪ್ಪು ಹೇಗೆ ತಿಳಿಯಬೇಕು? ಅಮ್ಮ ಸಾರು ಕುದಿಯುವಾಗ ಮುಚ್ಚಳ ತೆಗೆದು, ಮುಖಕ್ಕೆ ಹಬೆ ಹಿಡಿದು ಒಮ್ಮೆ ಮೂಸುತ್ತಿದ್ದಳು. ಇನ್ನೊಂದು ಚಿಟಿಕೆ ಬೇಕು ಎನ್ನುತ್ತಿದ್ದಳು. ಅದು ತಪ್ಪಿದ್ದನ್ನು ನಾನು ಕಂಡಿಲ್ಲ. ನನಗೂ ಹಾಗೆ ಮೂಸುವುದನ್ನು ಕಲಿಸುತ್ತಿದ್ದಳು. ನನಗೆ ಹಬೆಯಲ್ಲಿ ಹಬೆ ಮಾತ್ರ ಸಿಗುತ್ತಿತ್ತು. ಆದರೂ ಸರಿಯಿದೆ ಎಂದು ತಲೆಯಾಡಿಸುತ್ತಿದ್ದೆ. ತಲೆಯಾಡಿಸಿದರೆ ಜನ ಮುಂದೆ ಕೇಳುವುದಿಲ್ಲ ಎಂಬುದನ್ನು ನಾನು ಬಹಳ ಚಿಕ್ಕಂದಿನಲ್ಲೇ ಕಂಡುಕೊಂಡಿದ್ದೆ.

ನಾವು ಹೋದ ಕೆಲವೇ ತಿಂಗಳಲ್ಲಿ ಎಣ್ಣೆಯ ಬೆಲೆ ಬಿದ್ದಿತು. ನೆಲದಡಿಯ ಎಣ್ಣೆಗೂ ಅಪ್ಪನ ನಕ್ಷೆಗೂ ಏನು ಸಂಬಂಧವೆಂದು ನನಗೆ ಯಾರೂ ಹೇಳಲಿಲ್ಲ. ನಮ್ಮ ಬಾಲ್ಕನಿಯಿಂದ ಕಾಣುತ್ತಿದ್ದ ಅರ್ಧ ಕಟ್ಟಿದ ಕಟ್ಟಡದ ಮೇಲಿನ ಕ್ರೇನ್ ಒಂದು ದಿನ ಒಂದು ಕಡೆಗೆ ಮುಖ ಮಾಡಿ ನಿಂತದ್ದು, ವಾರಗಟ್ಟಲೆ ಅದೇ ಕಡೆ ನೋಡುತ್ತ ನಿಂತಿತ್ತು. ಕೆಳಗಿನ ಅಂತಸ್ತಿನ ಮನೆಗಳು ಒಂದೊಂದಾಗಿ ಖಾಲಿಯಾದವು. ಕಸದ ಡಬ್ಬಿಯ ಪಕ್ಕದಲ್ಲಿ ಹಾಸಿಗೆ, ಪ್ರೆಷರ್ ಕುಕ್ಕರ್, ಮಕ್ಕಳ ಸೈಕಲ್ಲು ಕಾಣತೊಡಗಿದವು. ಅಪ್ಪ ವಾರಕ್ಕೆ ಮೂರು ದಿನ ಮಾತ್ರ ಆಫೀಸಿಗೆ ಹೋಗುತ್ತಿದ್ದರು. ಉಳಿದ ದಿನ ಮನೆಯಲ್ಲೇ ಕೂತು, ಹಳೆಯ ನಕ್ಷೆಗಳ ಹಿಂಬದಿಯಲ್ಲಿ ನನಗೆ ಇಂಗ್ಲಿಷ್ ಅಕ್ಷರ ತಿದ್ದಿಸುತ್ತಿದ್ದರು. ಊಟದ ಹೊತ್ತಿನಲ್ಲಿ ಒಂದೇ ಮಾತು.

“ಕೆನಾನ್ ಸಾಹೇಬ್ರು ಇರೋವರ್ಗೂ ನಮ್ಮದೂ ಇರುತ್ತೆ. ಅವರು ಹೊರಟ್ರೆ ನಕ್ಷೆ ಕೇಳೋರೇ ಇಲ್ಲ. ಖಲಾಸ್.”

ಕೆನಾನ್ ಸಾಹೇಬರೆಂದರೆ ಅಪ್ಪನ ಮೇಲಿನ ಎಂಜಿನಿಯರು, ತುರ್ಕಿಯವರು. ನಮ್ಮ ಎದುರು ಬಾಗಿಲೇ ಅವರದು. ಅವರಿಗೂ ಆಗಲೇ ಅರ್ಧ ಸಂಬಳ. ಅವರ ಹೆಂಡತಿ ನೆರಿಮಾನ್ ಆಂಟಿ, ಬೋರೆಕ್ ಮಾಡಿ ಗೊತ್ತಿದ್ದ ಮನೆಗಳಿಗೆ ಕೊಡಲು ಶುರುಮಾಡಿದ್ದರು. ಮಕ್ಕಳಿರಲಿಲ್ಲ, ಕೆಲಸಕ್ಕೆ ಕೈಜೋಡಿಸಲು ಜನ ಇರಲಿಲ್ಲ. ಅಪ್ಪ ಮುಂದಾಗಿ, ನನ್ನ ಮಗಳು ಸುಮ್ಮನೆ ಕೂತಿದ್ದಾಳೆ, ಕಳಿಸುತ್ತೇನೆ ಎಂದು ಒಪ್ಪಿಕೊಂಡು ಬಂದರು. ಆ ಮಧ್ಯಾಹ್ನ ನಮ್ಮ ಮನೆಯಲ್ಲಿ ದೊಡ್ಡ ಜಗಳವಾಯಿತು.

“ಅವರ ಮನೇಲಿ ಏನೇನು ಬೇಯ್ಸ್ತಾರೋ. ಅದೇ ಪಾತ್ರೇಲಿ ಇವಳು ಕೈ ಆಡಿಸ್ಬೇಕಾ?”

“ಆಲೂಗಡ್ಡೆ ಕಣೆ. ಮೊದಲು ಚೀಸು, ಮಾಂಸ ಎಲ್ಲ ಇಡ್ತಿದ್ರಂತೆ. ಈಗ ಅವರಿಗೂ ಆಲೂಗಡ್ಡೇನೇ ಗತಿ. ಆಲೂಗಡ್ಡೆಗೇನು ಮೈಲಿಗೆ?”

“ಆಲೂಗಡ್ಡೆಗಿಲ್ಲ ರೀ, ಬಾಣಲೆಗಿದೆ.”

“ನಾಳೆ ನಮ್ಮ ಅನ್ನ ಇರೋದೂ ಆ ಬಾಣಲೆ ಹತ್ರಾನೇ. ತಿಳ್ಕೊ.”

ಅಮ್ಮ ಬಹಳ ಹೊತ್ತು ತಟ್ಟೆಗಳನ್ನು ಒಂದರ ಮೇಲೊಂದು ಸದ್ದು ಮಾಡಿ ಇಟ್ಟಳು. ಆಮೇಲೆ ನನ್ನ ಜಡೆ ಬಿಗಿಯಾಗಿ ಹೆಣೆಯುತ್ತ ಹೇಳಿದಳು.

“ಕೈಗೆ ಏನು ಕೆಲಸ ಕೊಟ್ರೂ ಮಾಡು. ಬಾಯಿಗೆ ಏನು ಕೊಟ್ರೂ ಬೇಡ ಅನ್ನು.”

ಆ ಮನೆ ನಮ್ಮ ಮನೆಯೇ, ಆದರೆ ಕನ್ನಡಿಯೊಳಗಿನದು. ನಮ್ಮಲ್ಲಿ ಎಡಕ್ಕಿದ್ದ ಒಲೆ ಅಲ್ಲಿ ಬಲಕ್ಕೆ, ನಮ್ಮ ದೇವರ ಕಪಾಟಿನ ಜಾಗದಲ್ಲಿ ಅವರ ಗಾಜಿನ ಲೋಟಗಳು. ನಾನು ದೀಪದ ಸ್ವಿಚ್ಚಿಗೆ ಕೈ ಚಾಚಿದಾಗೆಲ್ಲ ಬರೀ ಗೋಡೆ ಸಿಗುತ್ತಿತ್ತು. ನೆರಿಮಾನ್ ಆಂಟಿ ಅಗಲ ಮುಖದ, ತೋಳು ಗಟ್ಟಿಯಾದ ಹೆಂಗಸು. ತಲೆಗೆ ಹೂವಿನ ವಸ್ತ್ರ ಕಟ್ಟಿಕೊಂಡು, ಉದ್ದಕ್ಕೂ ತುರ್ಕಿ ಮಾತಾಡುತ್ತಲೇ ಇರುತ್ತಿದ್ದರು, ನನಗೆ ತಿಳಿಯುತ್ತಿದೆಯೋ ಇಲ್ಲವೋ ನೋಡುತ್ತಿರಲಿಲ್ಲ. ನನ್ನನ್ನು ಕಿಜಿಮ್ ಎನ್ನುತ್ತಿದ್ದರು. ಮಗಳೇ ಎಂದು ಅರ್ಥವೆಂದು ಕೆನಾನ್ ಸಾಹೇಬರು ಅಪ್ಪನಿಗೆ ಹೇಳಿದ್ದರು. ನಮ್ಮಿಬ್ಬರಿಗೂ ಗೊತ್ತಿದ್ದ ಮಾತು ಮೂರೇ, ಬೀದಿಯಲ್ಲಿ ಕೇಳಿ ಕಲಿತವು. ಶುರುಮಾಡಲು ‘ಯಲ್ಲಾ’, ನಿಧಾನಕ್ಕೆ ‘ಶೂಯ್ ಶೂಯ್’, ಮುಗಿದರೆ ‘ಖಲಾಸ್’. ಅಷ್ಟರಲ್ಲೇ ಅವರು ನನಗೆ ಹಿಟ್ಟು ಲಟ್ಟಿಸುವುದನ್ನು ಕಲಿಸಿದರು. ಅವರ ಲಟ್ಟಣಿಗೆ ಬೆರಳಿನಷ್ಟು ಸಪೂರ, ಊರುಗೋಲಿನಷ್ಟು ಉದ್ದ. ಮೈದಾ ನಾದಿ, ಒದ್ದೆ ಬಟ್ಟೆಯಡಿ ಮಲಗಿಸಿ, ಉಂಡೆಯನ್ನು ಆ ಕೋಲಿಗೆ ಸುತ್ತಿ ಸುತ್ತಿ ಬಿಡಿಸುತ್ತ ಹೋದರೆ ಅದು ಮೇಜಿನ ಅಗಲಕ್ಕೆ ಹರಡುತ್ತಿತ್ತು. ಕೆಳಗೆ ಹಾಸಿದ ಬಟ್ಟೆಯ ಹೂವು ಹಿಟ್ಟಿನೊಳಗಿಂದ ಕಾಣುವವರೆಗೂ ಅವರು ಬಿಡುತ್ತಿರಲಿಲ್ಲ. ಹೋಳಿಗೆಯ ಕಣಕ ಎಳೆದ ಕೈ ನನ್ನದು, ಬೇಗ ಹಿಡಿತ ಬಂತು. ಅದರ ಮೇಲೆ ಎಣ್ಣೆ, ಮೊಸರು ಸವರಿ, ಅಂಚಿನುದ್ದಕ್ಕೂ ಆಲೂಗಡ್ಡೆಯನ್ನು ಹಗ್ಗದಂತೆ ಇಟ್ಟು ಸುತ್ತಿ, ಆ ಹಗ್ಗವನ್ನೇ ಚಕ್ಕುಲಿಯಂತೆ ಸುರುಳಿ ಮಾಡಿದರೆ ಒಂದು ಗುಲಾಬಿ. ಮೇಲೆ ಮೊಟ್ಟೆಯ ಹಳದಿ, ಕರಿ ಎಳ್ಳಿನಂಥ ಕಪ್ಪು ಕಾಳು. ಒಳಗಿನ ಆಲೂಗಡ್ಡೆ ನೋಡಿ ನನಗೆ ಮರುಕ. ಅರಿಶಿನವಿಲ್ಲ, ಸಾಸಿವೆಯಿಲ್ಲ, ಕರಿಬೇವಿಲ್ಲ. ಹುರಿದ ಈರುಳ್ಳಿ, ಮೆಣಸಿನ ಪುಡಿ, ಕೊತ್ತಂಬರಿಯಂತೆ ಕಂಡರೂ ಕೊತ್ತಂಬರಿಯಲ್ಲದ ಒಂದು ಸೊಪ್ಪು. ಜ್ವರ ಬಂದವರ ಮುಖದಂತೆ ಬಿಳಿಚಿಕೊಂಡಿರುತ್ತಿತ್ತು.

ಪ್ರತಿ ಸಲ ಮೊದಲ ತಟ್ಟೆ ಓವನ್ನಿನಿಂದ ಹೊರಬಂದಾಗ ಅವರು ಒಂದು ಗುಲಾಬಿಯನ್ನು ನನ್ನ ಕೈಗಿಡುತ್ತಿದ್ದರು. ಬೇಡ ಅನ್ನು ಎಂದು ಅಮ್ಮ ಹೇಳಿದ್ದಳು. ಬೇಡ ಎನ್ನುವುದೇ ನನಗೆ ಬರುತ್ತಿರಲಿಲ್ಲ. ಬೇರೆ ಯಾರೂ ಅಷ್ಟು ಪ್ರೀತಿಯಿಂದ ಕಾದು ನಿಂತದ್ದೂ ಇರಲಿಲ್ಲ. ನಾನು ಅದನ್ನು ಹಿಡಿದು ಬಾಲ್ಕನಿಗೆ ಹೋಗಿ, ಗುಡ್ಡದ ಕಡೆ ಮುಖ ಮಾಡಿ, ದವಡೆ ಆಡಿಸುತ್ತ ಕರವಸ್ತ್ರದಲ್ಲಿ ಸುತ್ತಿ ಲಂಗದ ಜೇಬಿಗಿಳಿಸುತ್ತಿದ್ದೆ. ಒಳಗೆ ಬಂದು ತಲೆಯಾಡಿಸುತ್ತಿದ್ದೆ. ಅವರ ಮುಖ ಅರಳುತ್ತಿತ್ತು. ಮನೆಗೆ ಬಂದ ಮೇಲೆ ಅದನ್ನು ಅಪ್ಪನಿಗೆ ಕೊಡುತ್ತಿದ್ದೆ, ಅವರು ಅಮ್ಮನಿಗೆ ಕಾಣದಂತೆ ಸ್ನಾನದ ಮನೆಯಲ್ಲಿ ನಿಂತು ತಿನ್ನುತ್ತಿದ್ದರು. ಹೀಗೆ ಎರಡು ತಿಂಗಳಾಯಿತು. ನೂರಾರು ಗುಲಾಬಿ ಸುತ್ತಿದ್ದ ನನಗೆ ಅದರ ರುಚಿ ಏನೆಂದೇ ಗೊತ್ತಿರಲಿಲ್ಲ.

ಅಷ್ಟರಲ್ಲಿ ರಂಜಾನ್ ಬಂತು. ಆ ಕಂಪನಿಗೆ ಒಬ್ಬ ಕಫೀಲ್ ಇದ್ದರು, ಅಂದರೆ ಯಾರ ಹೆಸರಿನ ಮೇಲೆ ನಮ್ಮೆಲ್ಲರ ವೀಸಾ ನಿಂತಿತ್ತೋ ಆ ಒಮಾನಿ ಹಿರಿಯರು. ಅವರ ಮನೆಯ ಬೇಗಂ ಇಫ್ತಾರಿಗೆ ನಾಲ್ಕು ದೊಡ್ಡ ತಟ್ಟೆ ಬೋರೆಕ್ ಹೇಳಿ ಕಳಿಸಿದರು. ಹಿಡಿಸಿದರೆ ತಿಂಗಳಿಡೀ ಅವರಿಗೇ ಮಾಡಿಕೊಡಬೇಕಂತೆ. ಅಪ್ಪ ಅದನ್ನು ಹೇಳುವಾಗ ಧ್ವನಿ ತಗ್ಗಿಸಿದರು.

“ಬರೀ ತಿಂಡಿ ವಿಷಯ ಅಲ್ಲ ಇದು. ಆಯಮ್ಮನ ಬಾಯಿಗೆ ಹಿಡಿಸ್ತು ಅಂದ್ರೆ ಒಂದು ಮಾತು ಯಜಮಾನರ ಕಿವಿಗೆ ಬೀಳುತ್ತೆ. ಕೆನಾನ್ ಸಾಹೇಬ್ರ ವೀಸಾ ಕಾಗದ ಅಲ್ಲೇ ಮೇಜಿನ ಮೇಲಿದೆಯಂತೆ.”

“ಅವರ ಕಾಗದ ಆಲೂಗಡ್ಡೆ ಮೇಲೆ ನಿಂತಿದ್ಯಾ?” ಎಂದಳು ಅಮ್ಮ.

“ಈ ವರ್ಷ ಎಲ್ಲರದ್ದೂ ಹಂಗೇ.”

ಅಪ್ಪ ತಮಾಷೆಗೆ ಅಂದರೋ ಏನೋ. ನಾನು ಅದನ್ನು ಹಾಗೇ ನಂಬಿದೆ. ಬೋರೆಕ್ ಚೆನ್ನಾಗಾದರೆ ಅವರು ಉಳಿಯುತ್ತಾರೆ, ಅವರು ಉಳಿದರೆ ನಾವು ಉಳಿಯುತ್ತೇವೆ.

ಆ ದಿನ ನಾನು ಬೆಳಿಗ್ಗೆಯೇ ಹೋದೆ. ನೆರಿಮಾನ್ ಆಂಟಿಯ ತುಟಿ ಒಣಗಿತ್ತು, ಆ ಸೆಕೆಯಲ್ಲಿ ನೀರೂ ಇಲ್ಲದ ಉಪವಾಸ. ಅವರು ಹಿಟ್ಟು ನಾದಲು ನಿಂತರು, ಆಲೂಗಡ್ಡೆ ಬೇಯಿಸುವುದನ್ನು ಮೊದಲ ಸಲ ನನಗೆ ಬಿಟ್ಟರು. ನಾನು ನಮ್ಮ ಮನೆಯಲ್ಲಿ ಬೇಯಿಸುವ ಹಾಗೇ ಬೇಯಿಸಿದೆ, ಬರೀ ನೀರಿನಲ್ಲಿ. ನಮ್ಮಲ್ಲಿ ಉಪ್ಪು ಬೀಳುವುದು ಆಮೇಲೆ, ಒಗ್ಗರಣೆಯ ಹೊತ್ತಿಗೆ. ಅವರ ಮನೆಯಲ್ಲಿ ಉಪ್ಪನ್ನು ಬೇಯಿಸುವ ನೀರಿಗೇ ಹಾಕುತ್ತಾರೆ, ಆಮೇಲೆ ಮತ್ತೆ ಹಾಕುವುದಿಲ್ಲ. ಅಷ್ಟು ದಿನ ಅವರ ಪಕ್ಕದಲ್ಲಿದ್ದೂ ನಾನು ಅದನ್ನು ಗಮನಿಸಿರಲಿಲ್ಲ, ಯಾಕೆಂದರೆ ನಾನು ಬರುವಷ್ಟರಲ್ಲಿ ಆಲೂಗಡ್ಡೆ ಬೆಂದಿರುತ್ತಿತ್ತು. ಅವರು ಈರುಳ್ಳಿ, ಮೆಣಸು, ಸೊಪ್ಪು ಸೇರಿಸಿ ಕಲೆಸಿದರು. ಉಪವಾಸವಿದ್ದರೂ ಅಡಿಗೆ ಮಾಡುವವರು ನಾಲಿಗೆಯ ತುದಿಗಿಟ್ಟು ಉಗುಳಬಹುದೆಂದು ಯಾರೋ ನನಗೆ ಎಷ್ಟೋ ವರ್ಷದ ಮೇಲೆ ಹೇಳಿದರು. ಅವರು ಅದನ್ನೂ ಮಾಡುತ್ತಿರಲಿಲ್ಲ. ಒಂದು ಚಮಚ ತುಂಬಿ ನನ್ನ ಅಂಗೈಗೆ ಹಾಕಿ, ಉಪ್ಪಿನ ಡಬ್ಬಿ ತೋರಿಸಿ, ಸರಿಯಿದೆಯಾ ಎಂದು ಹುಬ್ಬು ಏರಿಸಿದರು. ಉಪವಾಸದವರ ಎದುರಿಗೆ ತಿನ್ನಲು ನನಗೆ ಸಂಕೋಚವಾದೀತೆಂದು ತಾವೇ ಮುಖ ತಿರುಗಿಸಿಕೊಂಡರು.

ಆ ಮನೆಯಲ್ಲಿ ಉಪವಾಸವಿಲ್ಲದ ಬಾಯಿ ನನ್ನದೊಂದೇ. ಅದಕ್ಕೆ ನಮ್ಮ ಮನೆಯ ಬೀಗ. ನಾನು ಅಂಗೈಯನ್ನು ಮೂಗಿನ ಹತ್ತಿರ ತಂದು ಅಮ್ಮನಂತೆ ಮೂಸಿದೆ. ಈರುಳ್ಳಿ ಇತ್ತು, ಮೆಣಸು ಇತ್ತು. ಉಪ್ಪು ಇತ್ತೋ ಇಲ್ಲವೋ ಏನೂ ತಿಳಿಯಲಿಲ್ಲ. ಅವರು ತಿರುಗಿದರು. ನಾನು ಕೈ ಮುಚ್ಚಿ ತಲೆಯಾಡಿಸಿದೆ.

“ಯಲ್ಲಾ, ಕಿಜಿಮ್,” ಎಂದರು. ಇಬ್ಬರೂ ಸುತ್ತಲು ಕೂತೆವು.

ಸಂಜೆಗೆ ಮುಂಚೆ ಕಾರು ಬಂದು ನಾಲ್ಕು ತಟ್ಟೆ ಹೋದವು. ಉಳಿದ ಎಂಟು ಗುಲಾಬಿಯಲ್ಲಿ ನಾಲ್ಕನ್ನು ತಮ್ಮ ಮೇಜಿನ ಮೇಲಿಟ್ಟು, ನಾಲ್ಕನ್ನು ನಮಗೆ ಕೊಟ್ಟರು. ಅಪ್ಪ ಈ ಸಲ ಸ್ನಾನದ ಮನೆಗೆ ಹೋಗಲಿಲ್ಲ, ಸೋಫಾದ ಮೇಲೆ ಕೂತೇ ಒಂದನ್ನು ಬಾಯಿಗಿಟ್ಟರು. ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

“ಹೊರಗಡೆ ಚೆನ್ನಾಗಿದೆ. ಒಳಗೆ ಉಪ್ಪೇ ಇಲ್ವಲ್ಲೇ.”

ಅಮ್ಮ ಒಳಗಿನಿಂದ ಬಂದಳು. ಆಲೂಗಡ್ಡೆ ಯಾರು ಬೇಯಿಸಿದ್ದು, ಉಪ್ಪು ಯಾರು ಹಾಕಿದ್ದು ಎಂದು ಒಂದೊಂದಾಗಿ ಕೇಳಿದಳು. ಉಪ್ಪು ನೋಡು ಅಂತ ಕೊಟ್ಟರು, ನಾನು ತಿನ್ನಲಿಲ್ಲ ಎಂದಾಗ ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ತಿನ್ನಬೇಡ ಎಂದವಳೂ ಅವಳೇ, ಈಗ ಹೆದರಿದವಳೂ ಅವಳೇ.

“ಹೋಗಿ ಹೇಳು. ಈಗ್ಲೇ ಹೋಗು. ಅವರು ಒಂದು ಫೋನಾದ್ರೂ ಮಾಡ್ಲಿ.”

“ಏನಂತ ಹೇಳ್ತಾಳೆ ಅವಳು? ಯಾವ ಭಾಷೇಲಿ?” ಎಂದರು ಅಪ್ಪ. “ನಾನು ಹೋಗ್ತೀನಿ.”

“ತಪ್ಪು ಮಾಡ್ದೋಳು ಹೋಗ್ಲಿ.”

ಯಾವ ಭಾಷೆಯಲ್ಲಿ ಎಂಬುದನ್ನು ನಾನೂ ಯೋಚಿಸಿದೆ. ಅಡಿಗೆಮನೆಗೆ ಹೋಗಿ ನಮ್ಮ ಉಪ್ಪಿನ ಜಾಡಿ ತೆಗೆದುಕೊಂಡೆ. ತುಂಬಿದ ಜಾಡಿ ಒಯ್ದರೆ ಉಪ್ಪು ತಂದಿದ್ದೇನೆ ಎಂದಾಗುತ್ತದೆ, ಉಪ್ಪಿಲ್ಲ ಎಂದು ಹೇಳಬೇಕಾದರೆ ಖಾಲಿ ಜಾಡಿ ಬೇಕು ಎಂದುಕೊಂಡು, ಉಪ್ಪನ್ನೆಲ್ಲ ತಟ್ಟೆಗೆ ಸುರಿದು ಜಾಡಿ ಒರೆಸಿಕೊಂಡು ಹೋದೆ. ನನ್ನ ಬುದ್ಧಿಯ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಆಯಿತು. ನೆರಿಮಾನ್ ಆಂಟಿ ಮುಖ ತೊಳೆದು, ಬಿಳಿ ವಸ್ತ್ರ ಕಟ್ಟಿಕೊಂಡಿದ್ದರು. ಹಿಂದೆ ಮೇಜಿನ ಮುಂದೆ ಕೆನಾನ್ ಸಾಹೇಬರು ನೀರಿನ ಲೋಟ ಎದುರಿಗಿಟ್ಟುಕೊಂಡು ಕಾಯುತ್ತಿದ್ದರು. ನಾನು ಖಾಲಿ ಜಾಡಿಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದೆ. ಮೇಜಿನ ಮೇಲಿನ ನಾಲ್ಕು ಗುಲಾಬಿಗಳ ಕಡೆ ಬೆರಳು ತೋರಿಸಬೇಕೆಂದಿದ್ದೆ, ಬೆರಳು ಏಳಲಿಲ್ಲ. ಅವರು ಜಾಡಿ ನೋಡಿದರು, ನನ್ನ ಮುಖ ನೋಡಿದರು, ನಕ್ಕರು. ಜಾಡಿ ತೆಗೆದುಕೊಂಡು ಒಳಗೆ ಹೋಗಿ, ಕಂಠಮಟ್ಟ ಉಪ್ಪು ತುಂಬಿಸಿ, ಮೇಲೊಂದು ನಿಂಬೆಹಣ್ಣು ಇಟ್ಟು ನನ್ನ ಕೈಗೆ ಕೊಟ್ಟರು. ಅಷ್ಟರಲ್ಲಿ ಮಸೀದಿಯಿಂದ ಬಾಂಗು ಕೇಳಿಸಿತು. ಅವರು ಮೇಜಿನ ಕಡೆ ತಿರುಗಿದರು. ಬಾಗಿಲು ಮೆಲ್ಲಗೆ ಮುಚ್ಚಿತು.

“ಹೇಳ್ದೆಯಾ?” ಎಂದು ಅಮ್ಮ ಕೇಳಿದಳು.

ನಾನು ತಲೆಯಾಡಿಸಿದೆ.

ಮಾರನೆಯ ದಿನ ಹೋಗಲು ಕಾಲು ಬರಲಿಲ್ಲ. ಅಮ್ಮನೇ ತಳ್ಳಿ ಕಳಿಸಿದಳು. ನಾಲ್ಕು ತಟ್ಟೆಗಳೂ ತೊಳೆದು ವಾಪಸು ಬಂದಿದ್ದವು, ಒಂದರ ತುಂಬ ಖರ್ಜೂರ. ಚೆನ್ನಾಗಿತ್ತು ಎಂದು ಕೊಟ್ಟದ್ದೋ, ತಟ್ಟೆ ಖಾಲಿ ಕಳಿಸಬಾರದೆಂದು ಕೊಟ್ಟದ್ದೋ, ಖರ್ಜೂರ ನೋಡಿ ಹೇಗೆ ತಿಳಿಯುವುದು? ನೆರಿಮಾನ್ ಆಂಟಿ ಎಂದಿನಂತೆ ಕಿಜಿಮ್ ಎಂದರು, ಎಂದಿನಂತೆ ಮಾತಾಡುತ್ತಲೇ ಇದ್ದರು. ಆದರೆ ಹಿಂದಿನ ಸಂಜೆ ಅವರೂ ಆ ನಾಲ್ಕು ಗುಲಾಬಿಯನ್ನು ತಿಂದಿರಲೇಬೇಕಲ್ಲ. ಅವರು ಒಲೆಯ ಮೇಲೆ ನೀರಿಟ್ಟರು. ನನ್ನ ಕೈ ಹಿಡಿದು ಉಪ್ಪಿನ ಡಬ್ಬಿಯೊಳಗೆ ಅದ್ದಿಸಿ, ನನ್ನ ಮುಷ್ಟಿಯಿಂದಲೇ ನೀರಿಗೆ ಹಾಕಿಸಿದರು. ಆಲೂಗಡ್ಡೆ ಬೆಂದು, ಮಸೆದು, ಎಲ್ಲ ಬೆರೆತ ಮೇಲೆ ಒಂದು ಚಮಚ ನನ್ನ ಅಂಗೈಗೆ ಹಾಕಿದರು. ಈ ಸಲ ಮುಖ ತಿರುಗಿಸಲಿಲ್ಲ. ಒಣಗಿದ ತುಟಿಯಲ್ಲಿ, ಕಣ್ಣು ಮಿಟುಕಿಸದೆ, ನನ್ನ ಬಾಯನ್ನೇ ನೋಡುತ್ತ ನಿಂತರು. ಬಾಲ್ಕನಿಗೆ ಹೋಗುವ ದಾರಿಗೆ ಅವರೇ ಅಡ್ಡ ಇದ್ದರು. ಗೋಡೆಯಾಚೆ ಅಮ್ಮ ಘಂಟೆ ಆಡಿಸುತ್ತಿದ್ದಳು. ನಾನು ಅಂಗೈಯನ್ನು ಬಾಯಿಗೊಯ್ದೆ.

ಬಿಸಿಯಿತ್ತು. ಮೆಣಸಿನ ಖಾರ ಗಂಟಲಿಗೆ ಹತ್ತಿತು. ಈರುಳ್ಳಿ ಸಿಹಿ, ಆ ಸೊಪ್ಪು ಸ್ವಲ್ಪ ಕಹಿ, ಎಲ್ಲದರ ಕೆಳಗೆ ಉಪ್ಪು ಸರಿಯಾಗಿ ನಿಂತಿತ್ತು. ಇಷ್ಟು ದಿನ ಮರುಕಪಟ್ಟಿದ್ದ ಆ ಬಿಳಿಚಿದ ಆಲೂಗಡ್ಡೆ ಇಷ್ಟು ರುಚಿಯೆಂದು ನನಗೆ ಗೊತ್ತಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಖಾರಕ್ಕೆ ಎಂದು ಅವರು ತಿಳಿದುಕೊಳ್ಳಲಿ ಎಂದುಕೊಂಡೆ. ತಲೆಯಾಡಿಸಿದೆ. ಆ ಮನೆಯಲ್ಲಿ ನಾನು ನಿಜವಾಗಿ ತಲೆಯಾಡಿಸಿದ್ದು ಅದೇ ಮೊದಲು. ಅವರು ನನ್ನ ಕೆನ್ನೆಯನ್ನು ಹಿಟ್ಟಿನ ಕೈಯಲ್ಲಿ ಒಮ್ಮೆ ತಟ್ಟಿ, ಉಂಡೆ ಲಟ್ಟಿಸಲು ಹೋದರು. ಅವರಿಗೆ ಎಷ್ಟು ಗೊತ್ತಾಗಿತ್ತು? ಉಪ್ಪಿಲ್ಲದ್ದು ಮಾತ್ರವೋ, ಎರಡು ತಿಂಗಳಿಂದ ನಾನು ಏನೂ ತಿಂದಿರಲಿಲ್ಲವೆಂದೋ, ಖಾಲಿ ಜಾಡಿ ಯಾಕೆ ತಂದಿದ್ದೆನೆಂದೋ? ಕೇಳಲು ನನಗೆ ಮಾತಿರಲಿಲ್ಲ. ಇದ್ದಿದ್ದರೂ ಕೇಳುತ್ತಿದ್ದೆನೇ?

ಬೇಗಂ ಮನೆಯ ಕಾರು ಮತ್ತೆ ಬರಲಿಲ್ಲ. ದಿನವೂ ಸಂಜೆಗೆ ಮುಂಚೆ ನೆರಿಮಾನ್ ಆಂಟಿ ಕೈ ಒರೆಸಿಕೊಂಡು ಬಾಲ್ಕನಿಗೆ ಹೋಗಿ ರಸ್ತೆ ನೋಡುತ್ತಿದ್ದರು. ನಾನು ಒಳಗೆ ಸುರುಳಿ ಸುತ್ತುತ್ತ ಅವರ ಬೆನ್ನು ನೋಡುತ್ತಿದ್ದೆ. ಈದ್ ಆದ ಮೇಲೆ ಕೆನಾನ್ ಸಾಹೇಬರ ಕಾಗದ ಸಹಿಯಾಗದೆ ವಾಪಸು ಬಂತು. ಹೊರಡುವ ದಿನ ನೆರಿಮಾನ್ ಆಂಟಿ ಆ ಉದ್ದನೆಯ ಲಟ್ಟಣಿಗೆಯನ್ನೂ ಒಂದು ಹಾಳೆಯನ್ನೂ ನನಗೆ ಕೊಟ್ಟರು. ಬರೆದರೆ ನನಗೆ ಓದಲು ಬಾರದೆಂದು ಚಿತ್ರ ಬಿಡಿಸಿದ್ದರು. ಆಲೂಗಡ್ಡೆಯ ಐದು ಉರುಟು, ಈರುಳ್ಳಿ ಎರಡು, ಸೊಪ್ಪಿನ ಒಂದು ಕಟ್ಟು. ಕೊನೆಯಲ್ಲಿ ಉಪ್ಪಿನ ಡಬ್ಬಿ, ಅದರ ಮುಂದೆ ಎರಡು ಗೆರೆ. ಅಮ್ಮ ಮೆಟ್ಟಿಲವರೆಗೆ ಬಂದು ನೆರಿಮಾನ್ ಆಂಟಿಗೆ ಕುಂಕುಮ ಇಡಲು ಕೈ ಎತ್ತಿ, ಇಡಬಹುದೋ ಬಾರದೋ ತಿಳಿಯದೆ, ಅದೇ ಕೈಯಿಂದ ಅವರ ತೋಳು ಹಿಡಿದುಕೊಂಡಳು. ಎರಡು ತಿಂಗಳಾದ ಮೇಲೆ ನಮ್ಮ ಹಾಸಿಗೆಯೂ ಕಸದ ಡಬ್ಬಿಯ ಪಕ್ಕಕ್ಕೆ ಹೋಯಿತು. ಅಪ್ಪ ಬೇರೆಯವರ ಜೊತೆ ಒಂದು ಕೋಣೆಯಲ್ಲಿ ಉಳಿದರು. ನಾನೂ ಅಮ್ಮನೂ ಊರಿಗೆ ಬಂದೆವು, ನಾನು ಒಂದು ವರ್ಷ ಚಿಕ್ಕವರ ಜೊತೆ ಎಂಟನೇ ತರಗತಿಗೆ ಕೂತೆ.

ಇದನ್ನು ಮೊದಲು ಹೇಳಿದ್ದು ಅಪ್ಪನಿಗೆ, ನನ್ನ ಮದುವೆಯಾದ ಮೇಲೆ. ಅವರು ಬಹಳ ನಕ್ಕರು. ಇಡೀ ಗಲ್ಫ್ ಮುಳುಗುತ್ತಿತ್ತು, ನಿನ್ನ ಉಪ್ಪನ್ನ ಯಾರು ಕೇಳ್ತಿದ್ರು ಮಗಳೇ ಎಂದರು. ಅವರು ಹೇಳಿದ್ದೇ ನಿಜವಿರಬೇಕು. ಆದರೆ ಕಾಗದ ಮೇಜಿನ ಮೇಲಿದೆ ಎಂದು ಅವತ್ತು ಧ್ವನಿ ತಗ್ಗಿಸಿ ಹೇಳಿದವರೂ ಅವರೇ. ಎರಡನೆಯ ಸಲ ಹೇಳಿದ್ದು ನಿಮ್ಮ ತಾತನಿಗೆ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು.

“ಆ ತುಂಬಿದ ಜಾಡಿ ಉಪ್ಪು ಏನ್ಮಾಡಿದ್ರಿ?”

“ಅಮ್ಮ ಸಾರಿಗೆ ಹಾಕಿದ್ಲು,” ಎಂದೆ. ಬೇರೆಯವರ ಮನೆಯದು ಎನ್ನದೆ, ಅವರ ಉಪ್ಪನ್ನು ನಮ್ಮ ಉಪ್ಪಿಗೇ ಬೆರೆಸಿ, ಅದರಿಂದಲೇ ಮಾಡಿದ ಸಾರನ್ನು ದೇವರಿಗೂ ಇಟ್ಟಿದ್ದಳು. ಯಾಕೆ ಹಾಗೆ ಮಾಡಿದಳೆಂದು ಕೇಳುವ ಹೊತ್ತಿಗೆ ಅವಳಿರಲಿಲ್ಲ.

ನಾನು ಮಾತ್ರ ಆಮೇಲೆ ರುಚಿ ನೋಡದೆ ಯಾವುದನ್ನೂ ಒಲೆಯಿಂದ ಇಳಿಸಲಿಲ್ಲ. ಅತ್ತೆಯ ಮನೆಯಲ್ಲಿ ಅದಕ್ಕೆ ಮಾತು ಕೇಳಿದ್ದೇನೆ, ದೇವರಿಗೆ ಎಂಜಲು ಇಟ್ಟೆ ಎಂದು ಅನ್ನಿಸಿಕೊಂಡಿದ್ದೇನೆ. ತಲೆ ತಗ್ಗಿಸಿ ಕೇಳಿಸಿಕೊಂಡು, ಮರುದಿನ ಮತ್ತೆ ನೋಡಿದ್ದೇನೆ. ಅದಿತಿ, ನೀನು ಕೇಳಿದ್ದಕ್ಕೆ ಉತ್ತರ ಇಷ್ಟೇ. ಆ ಎರಡು ಗೆರೆ ಎರಡು ಚಮಚವೋ, ಮರೆಯಬೇಡ ಎಂದು ಎಳೆದ ಗುರುತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಒಮ್ಮೊಮ್ಮೆ ಅದು ಕ್ಷಮಿಸಿದ್ದು ಎನಿಸುತ್ತದೆ, ಒಮ್ಮೊಮ್ಮೆ ಬೈದದ್ದು. ಎರಡು ಚಮಚ ಹಾಕಿದರೆ ಹೆಚ್ಚಾಗುತ್ತದೆ, ಹಾಕಿ ನೋಡಿದ್ದೇನೆ. ಆ ಹಾಳೆಯನ್ನು ಈ ಬರಹದ ನಡುವೆ ಇಟ್ಟಿದ್ದೇನೆ, ಮಡಿಕೆಯಲ್ಲಿ ಹರಿದಿದೆ, ಎಣ್ಣೆಯೂ ಕುಡಿದಿದೆ. ನೀವಿಬ್ಬರೂ ಒಂದು ದಿನ ಆಲೂಗಡ್ಡೆ ಬೇಯಿಸಿ, ಬಾಯಿಗಿಟ್ಟು ನೋಡಿ, ನಿಮಗೆ ಸರಿ ಕಂಡದ್ದನ್ನು ಆ ಗೆರೆಗಳ ಪಕ್ಕ ಬರೆಯಿರಿ. ಜಾಗ ಇದೆ. ಬರೆದು, ಎಲ್ಲವನ್ನೂ ಒಟ್ಟಿಗೆ ನೀರು ತಾಗದ ಕಡೆ ಎತ್ತಿಡಿ. ಅಡಿಗೆಮನೆಯಿಂದ ಬಹಳ ದೂರ ಬೇಡ.